ದಾರ ಪೋಣಿಸಿಟ್ಟ ನಾಲ್ಕು ಸೂಜಿಗಳು

ಬಾಗಿಲು ತಟ್ಟುವುದೂ ಒಂದು ವಿದ್ಯೆ ಎಂದರೆ ನಗುವವರೇ ಹೆಚ್ಚು. ಅಂಥವರು ಮನೆಮನೆಗೆ ಹೊಲಿಗೆ ಮಶೀನು ಮಾರುತ್ತಿದ್ದ ಮಶೀನು ಮಾಮನ ಹಿಂದೆ ಒಂದು ದಿನ ಬೀದಿ ಸುತ್ತಬೇಕಿತ್ತು. ಎರಡೇ ಸಲ ತಟ್ಟಬೇಕು, ಮೂರನೆಯದು ತಟ್ಟಿದರೆ ಪೊಲೀಸಿನವನು ಬಂದನೆಂದು ಒಳಗಿದ್ದವರ ಎದೆ ಹಾರುತ್ತದೆ. ತಟ್ಟಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಚೀಲ ಕೈಯಲ್ಲಿರಬಾರದು, ನೆಲದ ಮೇಲಿರಬೇಕು. ಬಾಗಿಲು ತೆರೆದ ಕೂಡಲೇ ಹೊಲಿಗೆ ಮಶೀನಿನ ಮಾತು ಎತ್ತಿದವನು ಕೆಟ್ಟ. "ಅಮ್ಮಾ, ಮನೇಲಿ ಯಾವ ಕೆಲಸ ನಿಮಗೆ ಕಷ್ಟ ಆಗ್ತಿದೆ?" ಎಂದು ಕೇಳಬೇಕು, ಕೇಳಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಇಪ್ಪತ್ತಾರು ವರ್ಷ ಅವನು ಮಾಡಿದ್ದು ಇಷ್ಟೇ.

ಇಷ್ಟೇ ಎಂದರೆ ಸಣ್ಣದಲ್ಲ. ಆ ಒಂದು ಪ್ರಶ್ನೆಗೆ ಹೆಂಗಸರು ಅರ್ಧ ಗಂಟೆ ಮಾತಾಡುತ್ತಿದ್ದರು. ಮಂಡಿನೋವು, ಅತ್ತೆಯ ಬಾಯಿ, ಓದದ ಮಗ, ತವರಿನಿಂದ ಬಾರದ ಫೋನು. ಕಟ್ಟಿಕೊಂಡವನಿಗೂ ಹೇಳದ್ದನ್ನು ಹೊಸ್ತಿಲಾಚೆ ನಿಂತ ಮಶೀನಿನವನಿಗೆ ಹೇಳುತ್ತಿದ್ದರು. ಅವನು ಹೂಂಗುಟ್ಟುತ್ತಿದ್ದ. ಕೊನೆಗೆ ಎಲ್ಲರೂ ಕೇಳುತ್ತಿದ್ದ ಮಾತು ಒಂದೇ. "ಅಲ್ಲಪ್ಪಾ, ದಿನಾ ಹೊಲಿದ್ರೆ ಕಣ್ಣು ಹೋಗುತ್ತಂತಲ್ಲ?"

ಅದಕ್ಕೇ ಕಾದಿದ್ದವನಂತೆ ಮಾಮ ಬೆನ್ನು ನೆಟ್ಟಗೆ ಮಾಡುತ್ತಿದ್ದ. "ನಮ್ಮ ಮನೆಯವಳು ಇದ್ದಾಳಲ್ಲ, ಮದುವೆಯಾದಾಗಿಂದ ಹೊಲೀತಿದ್ದಾಳೆ. ಅವಳ ಕಣ್ಣು ನೋಡ್ಬೇಕು ನೀವು! ದೀಪ ಹಾಕೋದೇ ಬೇಡ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸ್ತಾಳೆ." ಹೇಳುವಾಗ ಬೆರಳಲ್ಲಿ ಇಲ್ಲದ ಸೂಜಿ ಹಿಡಿದು, ಇಲ್ಲದ ದಾರ ಏರಿಸಿ ತೋರಿಸುತ್ತಿದ್ದ. ಅಲ್ಲಿಗೆ ವ್ಯಾಪಾರ ಕುದುರಿದಂತೆಯೇ.

ಸಂಜೆ ಮನೆಗೆ ಬಂದು, ಯಾವ ಬೀದಿಯ ಯಾರು ಏನು ಹೇಳಿಕೊಂಡರೆಂಬುದನ್ನು ದನಿ ಬದಲಿಸಿ, ಕೈ ತಿರುಗಿಸಿ ಹೆಂಡತಿಗೆ ಆಡಿ ತೋರಿಸುತ್ತಿದ್ದ. ಮಕ್ಕಳಿಲ್ಲದ ಮನೆ, ಆ ಒಂದು ಗಂಟೆಯ ಗಲಾಟೆಯೇ ಅಲ್ಲಿಯ ಸದ್ದು. ಒಂದು ದಿನ ಅವಳು ಪಕ್ಕದ ಶಾಲೆಯ ಯೂನಿಫಾರಂ ಅಂಗಿಗಳನ್ನು ಮಡಿಸುತ್ತ, "ರೀ, ಊರಿನ ಬಾಗಿಲೆಲ್ಲ ತಟ್ಟಿ ಕೇಳ್ತೀರಲ್ಲ, ಒಂದ್ಸಲ ನಮ್ಮನೆ ಬಾಗಿಲನ್ನೂ ತಟ್ಟಿ ನೋಡಿ" ಎಂದಳು.

"ಈ ಮನೆಗೆ ಮಶೀನು ಮಾರಿ ಆಗಿದೆ ಕಣೇ!" ಎಂದ ಮಾಮ. ಅವಳೂ ನಕ್ಕಳು. ಮಾತು ಎಷ್ಟು ಚೆನ್ನಾಗಿ ಬಂತೆಂದರೆ, ಮರುದಿನದಿಂದ ಅದನ್ನೂ ಅವನು ಬಾಗಿಲು ಬಾಗಿಲಲ್ಲಿ ಹೇಳಿ ನಗಿಸತೊಡಗಿದ.

ಅದಾಗಿ ಎರಡು ವರ್ಷಕ್ಕೆ ಅವಳು ಹೋದಳು. ಮಧ್ಯಾಹ್ನ, ಹೊಲಿದ ಬಟ್ಟೆಯ ಗಂಟು ಹಿಡಿದು ಮೆಟ್ಟಿಲಿಳಿಯುವಾಗ ಕಟ್ಟಕಡೆಯ ಮೆಟ್ಟಿಲಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಸ್ಪತ್ರೆಯಲ್ಲಿ ಜ್ವರ ಏರಿತು, ಒಂಬತ್ತು ದಿನಕ್ಕೆ ಎಲ್ಲ ಮುಗಿಯಿತು. "ಏನಾಯ್ತೇ?" ಎಂದು ಕೇಳಿದ್ದಕ್ಕೆ "ತಲೆ ಸುತ್ತು ಬಂತು ರೀ" ಎಂದಿದ್ದಳು. ಆರನೆಯ ದಿನವೋ ಏನೋ, ಅವನು ಮಂಚದ ಈ ಪಕ್ಕ ಕೂತಿದ್ದಾಗ, "ಅಲ್ಲಿ ಬೇಡ, ಆ ಕಡೆ ಬನ್ನಿ. ಕಿಟಕಿಗೆ ಮುಖ ಮಾಡಿ ಕೂತ್ಕೊಳ್ಳಿ" ಎಂದಳು. ತನಗೆ ಗಾಳಿ ಬರಲೆಂದು ಹೇಳುತ್ತಿದ್ದಾಳೆ ಎಂದುಕೊಂಡ. ಸಾಯುವಾಗಲೂ ಗಂಡನ ಗಾಳಿ ಬೆಳಕಿನದೇ ಚಿಂತೆ ನೋಡಿ ಎಂದು ಬಂದವರಿಗೆಲ್ಲ ಹೇಳಿಕೊಂಡು ಅತ್ತ.

ಹದಿನೈದು ದಿನ ಬಿಟ್ಟು ಮತ್ತೆ ಚೀಲ ಹಿಡಿದು ಹೊರಟ. ಮೂರನೆಯ ಮನೆಯಲ್ಲಿ ಒಬ್ಬಾಕೆ, "ಹೊಲಿದ್ರೆ ಕಣ್ಣು ಹೋಗುತ್ತಂತಲ್ಲ?" ಎಂದು ಕೇಳಿದಳು. "ನಮ್ಮ ಮನೆಯವಳು..." ಎಂದು ಬಾಯಿ ತೆರೆದವನ ಎತ್ತಿದ ಬೆರಳುಗಳು ಹಾಗೇ ನಿಂತವು. ಆ ಹೆಂಗಸು ಗಾಬರಿಯಾಗಿ ನೀರು ತರಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಮಾಮ ಚೀಲವೆತ್ತಿಕೊಂಡು ಬೀದಿಯ ತುದಿ ಮುಟ್ಟಿದ್ದ. ಅಲ್ಲಿಗೆ ಬಾಗಿಲು ತಟ್ಟುವ ಕಸುಬು ಮುಗಿಯಿತು. ಕಂಪನಿಗೂ ಅದು ಬೇಡವಾಗುತ್ತಿತ್ತು. ಜನ ಫೋನಿನಲ್ಲಿ ನೋಡಿ ಕೊಳ್ಳುವ ಕಾಲ ಬಂದಿತ್ತು.

ಮನೆಯಲ್ಲಿ ಅವಳ ಮಶೀನು ಕಿಟಕಿಯ ಹತ್ತಿರ ಇದ್ದಲ್ಲೇ ಇತ್ತು. ಮೇಜಿನ ಮೇಲೆ ಸೂಜಿ ಚುಚ್ಚಿಡುವ ಪುಟ್ಟ ಮೆತ್ತೆ. ಅದರ ಒಂದು ತುದಿಯಲ್ಲಿ ನಾಲ್ಕು ಸೂಜಿಗಳು ಸಾಲಾಗಿ ನಿಂತಿದ್ದವು, ಒಂದೊಂದರಲ್ಲೂ ಒಂದೊಂದು ಬಣ್ಣದ ದಾರ: ಕಪ್ಪು, ನೀಲಿ, ಕೆಂಪು, ಬಿಳಿ. ಎಷ್ಟು ಅಚ್ಚುಕಟ್ಟು ಎಂದು ಅವನಿಗೆ ಪ್ರತಿಸಲವೂ ಅನ್ನಿಸುತ್ತಿತ್ತು. ದೂಳು ಒರೆಸುವಾಗಲೂ ಆ ಮೆತ್ತೆಯನ್ನು ಮುಟ್ಟುತ್ತಿರಲಿಲ್ಲ.

ಹೀಗೆ ಗೋಡೆ ನೋಡಿಕೊಂಡು ಕೂತಿದ್ದಾಗ ಒಂದು ಫೋನು ಬಂತು. ಟೈರು ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಬರವಣಿಗೆಯ ಆಫೀಸು ನಡೆಸುತ್ತಿದ್ದ ಹೆಂಗಸು. "ನಮ್ಮಮ್ಮಂಗೆ ಮಶೀನು ಮಾರಿದ್ದು ನೀವೇ ಮಾಮ. ನಾನಾಗ ಫ್ರಾಕು ಹಾಕ್ಕೊಂಡು ಬಾಗಿಲ ಹಿಂದೆ ನಿಂತಿದ್ದೆ" ಎಂದಳು. ಒಂದು ಹೊಸ ಹೊಲಿಗೆ ಮಶೀನು ಕಂಪನಿಯವರು ಬ್ಲಾಗು ಬರೆಸುತ್ತಿದ್ದಾರಂತೆ, ಪರದೆ ಹೊಲಿಯುವುದು ಹೇಗೆ, ಹಳೆ ಅಂಗಿಯನ್ನು ಚೀಲ ಮಾಡುವುದು ಹೇಗೆ ಎಂದು ವಾರಕ್ಕೆರಡು ಬರಹ. ಓದುತ್ತ ಓದುತ್ತ ಜನ ಮಶೀನು ಕೊಳ್ಳಬೇಕು.

"ನನಗೆ ಬರೆಯೋಕೆ ಬರಲ್ವಲ್ಲಮ್ಮ. ರಸೀತಿ ಬಿಟ್ಟು ಬೇರೇನೂ ಬರೆದವನಲ್ಲ."

"ಬರೆಯೋರು ನಮ್ಮಲ್ಲಿದ್ದಾರೆ. ಓದೋರು ಯಾರು ಅಂತ ಹೇಳೋಕೆ ನೀವು ಬೇಕು."

ಆಫೀಸಿನಲ್ಲಿ ಐದು ಮೇಜು, ಕೆಳಗಿನಿಂದ ಬರುವ ರಬ್ಬರಿನ ವಾಸನೆ, ಒಂದು ಗೋಡೆಯ ತುಂಬ ಕಾರ್ಡುಗಳು. ಯಜಮಾನಿ ಮೊದಲ ದಿನವೇ ಕಸುಬಿನ ಗುಟ್ಟು ಹೇಳಿಕೊಟ್ಟಳು. ಎಲ್ಲರಿಗೂ ಎಂದು ಬರೆದರೆ ಯಾರೂ ಓದುವುದಿಲ್ಲ. ಒಬ್ಬ ಗಿರಾಕಿಯನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು ಅವಳೊಬ್ಬಳಿಗೇ ಬರೆಯಬೇಕು. ಅದಕ್ಕೆ ಇವರು ಪರ್ಸೋನಾ ಎನ್ನುತ್ತಿದ್ದರು, ಮಾಮ ಗಿರಾಕಿ ಕಾರ್ಡು ಎಂದ, ಎರಡು ವಾರದಲ್ಲಿ ಎಲ್ಲರ ಬಾಯಲ್ಲೂ ಗಿರಾಕಿ ಕಾರ್ಡೇ ಆಯಿತು. ಕಾರ್ಡಿನಲ್ಲಿ ವಯಸ್ಸು, ಮನೆ, ದಿನಚರಿ, ಕಣ್ಣು ಹೇಗಿದೆ, ಏನು ಓದುತ್ತಾಳೆ, ಯಾರ ಮಾತು ಕೇಳುತ್ತಾಳೆ ಎಂದು ಹದಿಮೂರು ಸಾಲು. ಕಡೆಯ ಎರಡು: ಅವಳ ಭಯ, ಅವಳ ಆಸೆ. ಪ್ರತಿ ಸಾಲಿನ ಬಲಕ್ಕೂ ಒಂದು ಸಣ್ಣ ಖಾನೆ: ಹೇಳಿದವರು ಯಾರು?

"ಅದೇ ಮುಖ್ಯ ಮಾಮ" ಎಂದಳು ಯಜಮಾನಿ. "ನಮ್ಮ ಊಹೆ ಬರೀಬಾರ್ದು. ನಾಲ್ಕೈದು ಜನರನ್ನ ನಿಜವಾಗ್ಲೂ ಕೇಳಿ, ಯಾರು ಹೇಳಿದ್ರೋ ಅವರನ್ನ ಇಲ್ಲಿ ಬರೀಬೇಕು."

ಮಾಮ ಕಾರ್ಡನ್ನು ಮುಂದಿಟ್ಟುಕೊಂಡು ಕೂತ. ಮನೆಯಲ್ಲೇ ಹೊಲಿಯುವ ಹೆಂಗಸು, ವಯಸ್ಸು ಐವತ್ತೆರಡು. ಮೊದಲನೆಯ ಮಹಡಿ, ಕಿಟಕಿ ಬೀದಿಗೆ. ಬೆಳಿಗ್ಗೆ ಗಂಡ ಹೊರಟ ಮೇಲೆ ಮಶೀನಿನ ಮುಂದೆ ಕೂರುತ್ತಾಳೆ. ಅಳತೆಯನ್ನು ಬರೆದುಕೊಳ್ಳುವುದಿಲ್ಲ, ನೆನಪಿಟ್ಟುಕೊಳ್ಳುತ್ತಾಳೆ. ಕತ್ತರಿಯನ್ನು ಯಾರಿಗೂ ಕೊಡುವುದಿಲ್ಲ. ಪೆನ್ನು ನಿಲ್ಲದೆ ಓಡಿತು. ಕಣ್ಣು ಎನ್ನುವಲ್ಲಿ ಒತ್ತಿ ಬರೆದ: ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ, ದೀಪ ಬೇಡ. ಹೇಳಿದವರು ಯಾರು ಎಂಬ ಖಾನೆಗಳಲ್ಲಿ, ಮೇಲಿನಿಂದ ಕೆಳಗೆ ಹನ್ನೊಂದು ಸಲ, ಗೊತ್ತಿದೆ, ಗೊತ್ತಿದೆ, ಗೊತ್ತಿದೆ ಎಂದು ಬರೆದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಭಯ, ಆಸೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಏನೋ ಇರುತ್ತದೆ, ಆಮೇಲೆ ಬರೆದರಾಯಿತು ಎಂದು ಖಾಲಿ ಬಿಟ್ಟ. ಯಜಮಾನಿ ಖಾನೆಗಳನ್ನು ನೋಡಿದಳು, ಅವನ ಮುಖ ನೋಡಿದಳು, ಏನೂ ಹೇಳದೆ ಕಾರ್ಡನ್ನು ಗೋಡೆಯ ನಡುವೆ ಅಂಟಿಸಿದಳು. ಹೇಳಬೇಕಿತ್ತು. ಆದರೆ ಹೆಂಡತಿ ಸತ್ತು ಎಂಟು ತಿಂಗಳಾದವನಿಗೆ ನಿಯಮ ಓದಿ ಹೇಳುವ ಗಟ್ಟಿ ಎದೆ ಎಲ್ಲರಿಗೂ ಇರುವುದಿಲ್ಲ.

ಆ ಕಾರ್ಡಿಗೆ ಆಫೀಸಿನಲ್ಲಿ ಅಕ್ಕ ಎಂದೇ ಹೆಸರಾಯಿತು. ಬರೆಯುವವರು ಕುರ್ಚಿ ತಿರುಗಿಸಿ, "ಮಾಮ, ಇದನ್ನ ಅಕ್ಕ ಓದ್ತಾರಾ?" ಎಂದು ಕೇಳುತ್ತಿದ್ದರು. "ಇಷ್ಟುದ್ದ ಬರೆದ್ರೆ ಓದಲ್ಲ. ಒಲೆ ಮೇಲೆ ಏನೋ ಇಟ್ಟಿರ್ತಾಳೆ." "ಅಕ್ಕ ಏನಂತಾರೆ ಮಾಮ?" "ನಗ್ತಾಳೆ. ತೋಳು ಹೀಗೆ ಕತ್ತರಿಸಿದ್ರೆ ಹಾಕ್ಕೊಂಡೋನು ಕೈ ಎತ್ತೋ ಹಾಗಿಲ್ಲ ಅಂತಾಳೆ." ಓದ್ತಾಳೆ, ನಗ್ತಾಳೆ, ಅಂತಾಳೆ. ಮನೆಗೆ ಬಂದವರೆಲ್ಲ ಪಾಪ, ಹೀಗಿದ್ದಳು, ಪಾಪ, ಹಾಗೆ ಮಾಡುತ್ತಿದ್ದಳು ಎನ್ನುವಾಗ, ಟೈರು ಅಂಗಡಿಯ ಮೇಲೆ ಮಾತ್ರ ಅವಳು ದಿನಾ ಬದುಕಿರುತ್ತಿದ್ದಳು. ಮಾಮ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬರತೊಡಗಿದ. ಅವನ ಜೀವ ಆ ಗೋಡೆಯ ಮೇಲೆ ನಿಂತಿತ್ತು ಎಂದರೆ ಹೆಚ್ಚು ಹೇಳಿದಂತಲ್ಲ.

ಬರೆಯುವವರಲ್ಲಿ ದಪ್ಪ ಕನ್ನಡಕದ ಒಬ್ಬಳಿದ್ದಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಹಟ ಹೆಚ್ಚು. ಒಂದು ದಿನ ಅವಳು, "ಮಾಮ, ಕಣ್ಣು ಮಂಜಾದವರು ಸೂಜಿಗೆ ದಾರ ಪೋಣಿಸೋದು ಹೇಗೆ ಅಂತ ಬರೀಲಾ? ನಮ್ಮ ದೊಡ್ಡಮ್ಮ ದಾರದ ತುದೀನ ಸೋಪಿಗೆ ಉಜ್ಜಿಕೊಳ್ತಾರೆ. ಇನ್ನೂ ಎಷ್ಟೋ ಉಪಾಯ ಇದೆ" ಎಂದಳು.

"ಬೇಡ."

"ಯಾಕೆ? ಕಂಪನಿ ಮಶೀನಲ್ಲಿ ತಾನೇ ದಾರ ಪೋಣಿಸೋ ಕೊಕ್ಕೆ ಇದೆ. ಅದನ್ನೂ ಹೇಳಬಹುದು."

"ಅಕ್ಕ ಓದಲ್ಲ" ಎಂದ ಮಾಮ, ದನಿ ತಾನೇ ಏರಿತು. "ಕಾರ್ಡು ನೋಡಿ. ಒಂದೇ ಸಲಕ್ಕೆ ಪೋಣಿಸ್ತಾಳೆ. ಅಂಥವಳ ಮುಂದೆ ಕುರುಡರ ಪುರಾಣ ಇಟ್ರೆ ಮುಖಕ್ಕೆ ಎಸೀತಾಳೆ."

ಕನ್ನಡಕದವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಐವತ್ತೆರಡು ವರ್ಷ ಮಾಮ. ನನಗೆ ಮೂವತ್ತಕ್ಕೇ ಕಾಣಲ್ಲ" ಎಂದಳು. ಬರಹ ಅಲ್ಲಿಗೇ ನಿಂತಿತು.

ತಿಂಗಳ ಕೊನೆಗೆ ಕಂಪನಿಯಿಂದ ಒಬ್ಬರು ಬಂದರು. ಆ ಸೆಕೆಯಲ್ಲೂ ಟೈ ಕಟ್ಟಿಕೊಂಡು ಬರುತ್ತಿದ್ದುದರಿಂದ ಅವರನ್ನು ಆಫೀಸಿನಲ್ಲಿ ಟೈ ಸಾಹೇಬರು ಎನ್ನುತ್ತಿದ್ದರು. ಬ್ಲಾಗು ಓದುವವರು ಕಡಿಮೆಯಾಗುತ್ತಿದ್ದಾರೆ ಎಂದರು. ಗೋಡೆಯ ಬಳಿ ಹೋಗಿ ಅಕ್ಕನ ಕಾರ್ಡಿನ ಕೆಳಗೆ ಬೆರಳಿಟ್ಟರು. "ಭಯ ಇಲ್ಲ, ಆಸೆ ಇಲ್ಲ. ಇಂಥ ಹೆಂಗಸು ಲೋಕದಲ್ಲಿದ್ದಾಳಾ? ಶುಕ್ರವಾರದೊಳಗೆ ಇವೆರಡು ಸಾಲು ತುಂಬಿಸಿ. ಆಗಲ್ಲ ಅಂದ್ರೆ ಈ ಅಮ್ಮನನ್ನ ತೆಗೆದುಹಾಕಿ, ಇಪ್ಪತ್ತೈದು ವರ್ಷದ ಹುಡುಗೀನ ಹಾಕೋಣ."

ತೆಗೆದುಹಾಕುವುದೇ? ಒಮ್ಮೆ ಹೊತ್ತುಕೊಂಡು ಹೋದದ್ದು ಸಾಲದೇ? ಆ ಸಂಜೆ ಮನೆಯಲ್ಲಿ ಅವಳ ಕುರ್ಚಿಯ ಎದುರು ಕೂತು ಯೋಚಿಸಿದ. ಅವಳಿಗೆ ಏನು ಭಯವಿತ್ತು? ಹಲ್ಲಿಗೆ ಹೆದರುತ್ತಿದ್ದಳು, ಅದನ್ನು ಬರೆಯಲಾಗುತ್ತದೆಯೇ? ಏನು ಆಸೆಯಿತ್ತು? ಏನನ್ನೂ ಕೇಳಿದವಳೇ ಅಲ್ಲ. ಇಪ್ಪತ್ತಾರು ವರ್ಷ ಹೊರಗೇ ನಿಂತು ಮಾತಾಡಿಸಿದ ಮನೆಗಳ ಹೆಂಗಸರ ಆಸೆ, ಭಯ ಬಾಯಿಪಾಠವಿತ್ತು. ಇಂಥ ಬೀದಿಯ ನೀಲಿ ಬಾಗಿಲಿನವಳಿಗೆ ಕತ್ತಲಾದರೆ ಭಯ, ಮೂಲೆಮನೆಯವಳಿಗೆ ಒಮ್ಮೆ ಸಮುದ್ರ ನೋಡುವ ಆಸೆ. ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಕೊನೆಗೆ ಯಜಮಾನಿಯ ನಿಯಮವೇ ಗತಿಯೆನಿಸಿತು: ಕೇಳಿ ಬರೆಯಬೇಕು. ಯಾರನ್ನು ಕೇಳುವುದು? ಅವಳ ತವರಿನವರು ಉಳಿದಿರಲಿಲ್ಲ. ದಿನವೂ ಅವಳ ಮುಖ ನೋಡುತ್ತಿದ್ದವಳೆಂದರೆ ಕೆಳಗಿನ ಇಸ್ತ್ರಿಯವಳು. ಮೆಟ್ಟಿಲ ಬುಡದಲ್ಲಿ ಮೇಜು ಹಾಕಿಕೊಂಡು ಹತ್ತು ವರ್ಷದಿಂದ ಬಟ್ಟೆ ಉಜ್ಜುತ್ತಿದ್ದಳು. ಈ ಹತ್ತು ವರ್ಷದಲ್ಲಿ ಮಾಮ ಅವಳೊಂದಿಗೆ ಆಡಿದ್ದು "ಆಯ್ತಾ?" ಎಂಬ ಒಂದೇ ಮಾತು.

ಗುರುವಾರ ಬೆಳಿಗ್ಗೆ, ಆಫೀಸಿನ ಗೋಡೆಯಿಂದ ಬಿಡಿಸಿ ತಂದಿದ್ದ ಕಾರ್ಡು, ಪೆನ್ನು ಹಿಡಿದು ಅವಳ ಮೇಜಿನ ಮುಂದೆ ನಿಂತ. ಅಭ್ಯಾಸಬಲ, ಒಂದು ಹೆಜ್ಜೆ ಹಿಂದೆಯೇ ನಿಂತ.

"ನಮ್ಮ ಮನೆಯವಳ ವಿಷಯ ಸ್ವಲ್ಪ ಕೇಳ್ಬೇಕಿತ್ತು. ಆಫೀಸಿನ ಕೆಲಸಕ್ಕೆ."

"ಅಕ್ಕನ ವಿಷಯ ಆಫೀಸಿಗ್ಯಾಕಣ್ಣ?" ಎಂದಳು ಅವಳು, ಒಂದು ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತ. ಮಾಮ ಕಾರ್ಡು ತೋರಿಸಿ ವಿವರಿಸಿದ. ಅವಳಿಗೆ ಓದು ಬರುತ್ತಿರಲಿಲ್ಲ. "ಏನೇನು ಬರೆದಿದ್ದೀರಿ, ಓದಿ" ಎಂದಳು. ಅವನು ಮೇಲಿನಿಂದ ಓದುತ್ತ ಬಂದ. ಕಿಟಕಿ ಸರಿ, ಕತ್ತರಿ ಸರಿ ಎಂದು ಅವಳು ತಲೆಯಾಡಿಸಿದಳು. "ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ, ದೀಪ ಬೇಡ" ಎಂದು ಓದಿದಾಗ ಅವಳ ಕೈ ನಿಂತಿತು. ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಅಣ್ಣಾ, ನಿಮಗೆ ಇನ್ನೂ ಗೊತ್ತಿಲ್ವಾ?"

"ಏನು?"

"ಅಕ್ಕಂಗೆ ಕಣ್ಣು ಕಾಣ್ತಿರ್ಲಿಲ್ಲ."

ಮಾಮ ನಕ್ಕ. ನಗು ಬಂದದ್ದಲ್ಲ, ಮುಖ ಏನು ಮಾಡಬೇಕೆಂದು ತಿಳಿಯದೆ ಹಾಗೆ ಮಾಡಿತು. ಇಸ್ತ್ರಿಯವಳು ಸ್ಟೂಲು ಎಳೆದು ಅವನನ್ನು ಕೂರಿಸಿದಳು.

"ಮೂರು ವರ್ಷ ಅಣ್ಣಾ. ನೀವು ಚೀಲ ತಗೊಂಡು ಆ ತಿರುವು ದಾಟ್ತಿದ್ದ ಹಾಗೇ ಕಿಟಕಿಯಿಂದ ಕರೀತಿದ್ರು. ನಾನು ಮೇಲೆ ಹೋಗಿ ಮಶೀನಿಗೆ ದಾರ ಹಾಕಿ, ಹತ್ತು ಸೂಜಿಗೆ ಹತ್ತು ಬಣ್ಣ ಪೋಣಿಸಿ ಆ ಮೆತ್ತೇಲಿ ಸಾಲಾಗಿ ಚುಚ್ಚಿ ಬರ್ತಿದ್ದೆ. ಸಾಲು ತಪ್ಪೋ ಹಾಗಿಲ್ಲ. ಕಪ್ಪು ಮೊದಲು, ಆಮೇಲೆ ನೀಲಿ. ಅವರಿಗೆ ಎರಡೂ ಒಂದೇ ಥರ ಕಾಣ್ತಿತ್ತು, ಎಣಿಸಿ ತಗೊಳ್ತಿದ್ರು. ಬಿದ್ದ ದಿನಾನೂ ಬೆಳಿಗ್ಗೆ ಹತ್ತು ಪೋಣಿಸಿ ಬಂದಿದ್ದೆ."

ಹತ್ತರಲ್ಲಿ ಆರು ಅವಳು ಖರ್ಚು ಮಾಡಿದ್ದಳು. ಉಳಿದ ನಾಲ್ಕನ್ನು ಮಾಮ ಇಷ್ಟು ತಿಂಗಳಿಂದ ನೋಡಿ ನೋಡಿ ಅಚ್ಚುಕಟ್ಟು ಎಂದುಕೊಂಡಿದ್ದ.

"ಡಾಕ್ಟರಿಗೆ..."

"ಹೋಗಿದ್ವಿ, ನಾವಿಬ್ರೇ. ಪೊರೆ ಬಂದಿದೆ, ಸಣ್ಣ ಆಪರೇಷನ್ನು, ಸರಿ ಹೋಗುತ್ತೆ ಅಂದ್ರು. ಮನೆಯವರನ್ನ ಕರ್ಕೊಂಡು ಬನ್ನಿ ಅಂದ್ರು. ಅಕ್ಕ ಮತ್ತೆ ಆ ಕಡೆ ಹೋಗ್ಲೇ ಇಲ್ಲ."

"ಯಾಕೆ? ನಾನೇನು ಬೇಡ ಅಂತಿದ್ನಾ? ಹೊತ್ಕೊಂಡಾದ್ರೂ ಹೋಗ್ತಿದ್ದೆ!" ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು.

"ಹೋಗ್ತಿದ್ರಿ. ನಾನೂ ಹಾಗೇ ಬೈದೆ. ಅದಕ್ಕೆ ಅಕ್ಕ ಏನಂದ್ರು ಗೊತ್ತಾ? ಅವರು ಊರಲ್ಲೆಲ್ಲ ನನ್ನ ಕಣ್ಣನ್ನ ಹೇಳ್ಕೊಂಡೇ ಮಶೀನು ಮಾರ್ತಾರೆ ಕಣೇ. ನನಗೆ ಕಾಣಲ್ಲ ಅಂತ ಗೊತ್ತಾದ್ರೆ ಆ ಮಾತು ಇನ್ನು ಅವರ ಬಾಯಲ್ಲಿ ಬರಲ್ಲ. ಸುಳ್ಳು ಹೇಳೋಕೆ ಬರಲ್ಲ ಅವರಿಗೆ, ಬಾಗಿಲಲ್ಲಿ ನಿಂತು ತೊದಲ್ತಾರೆ. ಅದೊಂದೇ ನನಗೆ ಭಯ ಅಂತಿದ್ರು."

ಮಾಮ ಕಾರ್ಡನ್ನು ನೋಡಿದ. ಭಯ ಎಂಬ ಸಾಲು ಖಾಲಿಯಾಗಿತ್ತು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಇನ್ನೊಂದು ಸಾಲು ಉಳಿದಿತ್ತಲ್ಲ, ಅದನ್ನು ಕೇಳದಿದ್ದರೆ ಚೆನ್ನಾಗಿತ್ತು. ಆದರೆ ಇಪ್ಪತ್ತಾರು ವರ್ಷದ ಬಾಯಿ, ಕೇಳಿಬಿಟ್ಟಿತು.

"ಆಸೆ ಏನಾದ್ರೂ ಹೇಳ್ತಿದ್ಲಾ?"

ಇಸ್ತ್ರಿಯವಳು ಮಡಿಸಿಟ್ಟಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ನೀವಾಗಿ ಕೇಳ್ಲಿ ಅಂತ ಕಾಯ್ತಿದ್ರು ಅಣ್ಣಾ. ನಾನಾಗಿ ಹೇಳಲ್ಲ, ಅವರಾಗಿ ಕೇಳಿದ್ರೆ ಮುಚ್ಚಿಡಲ್ಲ ಅಂತಿದ್ರು. ಯಾರ್ಯಾರನ್ನೋ ಕೇಳ್ಕೊಂಡು ಬರ್ತಾರಲ್ಲೇ, ನನ್ನ ಸರದೀನೂ ಬರುತ್ತೆ ಬಿಡು ಅಂತ ನಗ್ತಿದ್ರು."

ಮಾಮ ಎದ್ದ. ಮೇಲೆ ಹೋಗಬೇಕೆಂದು ಕಂಬಿ ಹಿಡಿದವನಿಗೆ ಮೊದಲ ಮೆಟ್ಟಿಲೇ ಕಂಡಿತು. ಅವಳಿಗೆ ಅದು ಕಡೆಯ ಮೆಟ್ಟಿಲು. ಅಲ್ಲಿ ಹಾಡಹಗಲಲ್ಲೂ ಬೆಳಕು ಬೀಳುತ್ತಿರಲಿಲ್ಲ, ನೆಲದ ಬಣ್ಣವೂ ಮೆಟ್ಟಿಲಿನ ಬಣ್ಣವೂ ಒಂದೇ. ನೆಲ ಬಂತೆಂದುಕೊಂಡು ಕಾಲಿಟ್ಟಿದ್ದಾಳೆ, ನೆಲ ಇನ್ನೂ ಒಂದು ಗೇಣು ಕೆಳಗಿತ್ತು. ತಲೆಸುತ್ತು ಎಲ್ಲಿಂದ ಬಂತು? ಮಾಮ ಅದೇ ಮೆಟ್ಟಿಲ ಮೇಲೆ ಕೂತ. ಆಸ್ಪತ್ರೆಯ ಕಿಟಕಿ ನೆನಪಾಯಿತು. ಕಿಟಕಿಗೆ ಮುಖ ಮಾಡಿ ಕೂತ್ಕೊಳ್ಳಿ. ಗಾಳಿಗಲ್ಲ. ಕೊನೆಗೊಮ್ಮೆ ಅವನ ಮುಖ ಕಾಣಲಿ ಎಂದು. ಅಲ್ಲಿ ಅವನು ಎಷ್ಟು ಹೊತ್ತು ಕೂತಿದ್ದ? ಅರ್ಧ ಗಂಟೆಯೂ ಇಲ್ಲ, ಔಷಧ ತರಬೇಕೆಂದು ಎದ್ದು ಹೋಗಿದ್ದ. ಮೆಟ್ಟಿಲ ಬುಡದಲ್ಲಿ, ಬಟ್ಟೆ ಕೊಡಲು ಬಂದವರ ಎದುರೇ, ಐವತ್ತೆಂಟರ ಗಂಡಸು ಬಾಯಿ ಬಿಟ್ಟು ಅತ್ತ. ಇಸ್ತ್ರಿಯವಳು ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿದಳು.

ಶುಕ್ರವಾರ ಅವನು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದ. ಹನ್ನೊಂದು ಗೊತ್ತಿದೆಗಳನ್ನೂ ಒಂದೊಂದಾಗಿ ಹೊಡೆದುಹಾಕಿದ. ಕಣ್ಣು ಎಂಬ ಸಾಲನ್ನು ಅಳಿಸಿ ಬರೆದ: ಪೊರೆ, ಮೂರು ವರ್ಷದಿಂದ, ಸೂಜಿಗೆ ಬೇರೆಯವರಿಂದ ದಾರ ಪೋಣಿಸಿಕೊಳ್ಳುತ್ತಾಳೆ, ಮನೆಯಲ್ಲಿ ಹೇಳಿಲ್ಲ. ಭಯ: ಗಂಡನಿಗೆ ಗೊತ್ತಾಗಿಬಿಡುತ್ತದೆ ಎಂದು. ಆಸೆ: ಗಂಡ ಒಮ್ಮೆ ಕೇಳಲಿ ಎಂದು. ಹೇಳಿದವರು: ಇಸ್ತ್ರಿ ಮಾಡುವಾಕೆ. ಕಾರ್ಡನ್ನು ಮತ್ತೆ ಗೋಡೆಗೆ ಅಂಟಿಸಿ, ಕನ್ನಡಕದವಳು ಬಂದ ಮೇಲೆ ಅವಳ ಮೇಜಿನ ಹತ್ತಿರ ಹೋಗಿ ನಿಂತ.

"ಸೋಪಿನ ಉಪಾಯ ಅಂದ್ರಲ್ಲ ಅವತ್ತು. ಬರೀರಿ. ನಿಮ್ಮ ದೊಡ್ಡಮ್ಮಂದು, ನಿಮ್ಮದು, ಎಲ್ಲ ಬರೀರಿ. ನಾನು ಕೂಗಾಡಿದ್ದು ತಪ್ಪಾಯ್ತು."

ಅವಳು ಎದ್ದು ಗೋಡೆಗೆ ಹೋಗಿ ಕಾರ್ಡು ಓದಿದಳು. ಓದಿ ತಿರುಗಿದಳು. "ಮಾಮ, ಇದು..." ಎಂದಳು. "ಹೌದಮ್ಮ" ಎಂದ ಮಾಮ. ಅಷ್ಟರಲ್ಲಿ ಎಲ್ಲರಿಗೂ ಎಲ್ಲ ತಿಳಿಯಿತು.

ಬರಹ ಬಂತು. ಸೋಪು, ಬಿಳಿ ಕಾಗದವನ್ನು ಸೂಜಿಯ ಹಿಂದೆ ಹಿಡಿಯುವುದು, ಬಣ್ಣದ ಸಾಲು ತಪ್ಪದಂತೆ ಸೂಜಿ ಚುಚ್ಚಿಡುವುದು. ಕೊನೆಯಲ್ಲಿ ಕನ್ನಡಕದವಳು ತಾನಾಗಿ ಒಂದು ಸಾಲು ಸೇರಿಸಿದ್ದಳು: ಇಷ್ಟೆಲ್ಲ ಉಪಾಯ ಮಾಡುವ ಮೊದಲು ಮನೆಯಲ್ಲಿ ಹೇಳಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಆ ಬ್ಲಾಗನ್ನು ಅಷ್ಟು ಜನ ಯಾವತ್ತೂ ಓದಿರಲಿಲ್ಲ. ಕೆಳಗೆ ಹೆಂಗಸರು ಬರೆದರು. ನನ್ನ ಕಥೆ ನಿಮಗೆ ಯಾರು ಹೇಳಿದರು, ಎಂದು ಒಬ್ಬಳು. ನಾನು ಮನೆಯಲ್ಲಿ ಬಲ್ಬು ಸರಿಯಿಲ್ಲ ಎಂದು ಹೇಳುತ್ತೇನೆ, ನಾಲ್ಕು ಬಲ್ಬು ಬದಲಾಯಿಸಿದ್ದಾರೆ ಪಾಪ, ಎಂದು ಇನ್ನೊಬ್ಬಳು. ಟೈ ಸಾಹೇಬರು ಫೋನು ಮಾಡಿ ಹೊಗಳಿದರು. ಆ ಅಮ್ಮನ ಕಾರ್ಡು ಅಲ್ಲೇ ಇರಲಿ, ಮುಟ್ಟಬೇಡಿ ಎಂದರು.

ಕಾರ್ಡು ಉಳಿಯಿತು. ಮಾಮ ಬೇಡಿಕೊಂಡದ್ದೂ ಅಷ್ಟೇ ತಾನೇ? ಆದರೆ ಆ ಗೋಡೆಯ ಕಡೆ ಅವನು ಕತ್ತೆತ್ತುವುದು ಕಡಿಮೆಯಾಯಿತು. ಮುಂದಿನ ವಾರ ಯಾರೋ ಹಳೆಯ ರೂಢಿಯಲ್ಲಿ ಕುರ್ಚಿ ತಿರುಗಿಸಿ, "ಮಾಮ, ಇದನ್ನ ಅಕ್ಕ ಓದ್ತಾರಾ?" ಎಂದರು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಗೊತ್ತಿಲ್ಲಪ್ಪ. ಕೇಳಿ ಹೇಳ್ತೀನಿ" ಎಂದ ಮಾಮ.

ಆ ಸಂಜೆ ಇಸ್ತ್ರಿಯವಳು ಅಂಗಡಿ ಎತ್ತುತ್ತಿದ್ದಳು. ಮಾಮ ಮೆಟ್ಟಿಲ ಬುಡದಲ್ಲಿ ನಿಂತ. ಎರಡು ದಿನದ ಹಿಂದೆ ಕಡೆಯ ಮೆಟ್ಟಿಲಿನ ಅಂಚಿಗೆ ತಾನೇ ಬಿಳಿ ಬಣ್ಣ ಬಳಿದು ಮೇಲೊಂದು ಬಲ್ಬು ಹಾಕಿಸಿದ್ದ. ಈಗ ಯಾರಿಗೆ ಎಂದು ಕೇಳಬೇಡಿ. ಬಲ್ಬಿನ ಕೆಳಗೆ ಹದಿನೆಂಟು ಮೆಟ್ಟಿಲು ಹತ್ತಿ, ತನ್ನ ಮನೆಯ ಮುಂದೆ ಬಂದು, ಬೀಗದಕೈ ತೆಗೆಯಲು ಜೇಬಿಗೆ ಕೈ ಹಾಕಿದ. ಏನನ್ನಿಸಿತೋ, ಕೈ ಹೊರಗೆ ತೆಗೆದ. ಆಫೀಸಿನ ಚೀಲವನ್ನು ನೆಲದ ಮೇಲಿಟ್ಟ.

ಬಾಗಿಲನ್ನು ಎರಡು ಸಲ ತಟ್ಟಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಏನೇ, ಮನೇಲಿ ಯಾವ ಕೆಲಸ ನಿನಗೆ ಕಷ್ಟ ಆಗ್ತಿದೆ?" ಎಂದು ಕೇಳಿದ. ಕೇಳಿ, ಕಸುಬಿನ ನಿಯಮದಂತೆ, ಬಾಯಿ ಮುಚ್ಚಿಕೊಂಡು ಕಾದ. ಕೆಳಗೆ ಇಸ್ತ್ರಿಯವಳು ಮೇಜು ಮಡಿಸುವ ಸದ್ದು ನಿಂತಿತು. ಬಾಗಿಲಿಗೆ ಬೆಳಿಗ್ಗೆ ಅವನೇ ಹಾಕಿದ ಬೀಗ ನೇತಾಡುತ್ತಿತ್ತು.